ಮೂಗಿನ ಕಡ್ಡಿ ಹೇಳುವುದೊಂದು, ರಕ್ತದ ಟ್ಯೂಬು ಹೇಳುವುದಿನ್ನೊಂದು
ಆಕಳ ಐಬಿಆರ್ ವೈರಸ್ ಪತ್ತೆ ಮಾಡುವ ಪರೀಕ್ಷೆಗಳನ್ನು ತಿಳಿಯೋಣ



ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಲು ಹೋದಾಗ ಎರಡು ಪರೀಕ್ಷೆಗಳನ್ನು ನೀವು ದಿನವೂ ನೋಡುತ್ತೀರಿ. ಲ್ಯಾಕ್ಟೋಮೀಟರ್ ಇಳಿಸಿ ಡಿಗ್ರಿ ನೋಡುತ್ತಾರೆ. ಯಂತ್ರಕ್ಕೆ ಹಾಲು ಕೊಟ್ಟು ಫ್ಯಾಟ್ ನೋಡುತ್ತಾರೆ. ಡಿಗ್ರಿ ಚೆನ್ನಾಗಿ ಬಂದರೆ ಫ್ಯಾಟೂ ಚೆನ್ನಾಗಿ ಬರಬೇಕೆಂದಿಲ್ಲ. ಬೆಣ್ಣೆ ತೆಗೆದ ಹಾಲಿಗೂ ಡಿಗ್ರಿ ಹೆಚ್ಚೇ ತೋರಿಸುತ್ತದೆ. ಲ್ಯಾಕ್ಟೋಮೀಟರ್ ಸುಳ್ಳು ಹೇಳಿತೇ? ಇಲ್ಲ. ಅದನ್ನು ಕೇಳಿದ್ದು ಹಾಲು ಎಷ್ಟು ಗಟ್ಟಿ ಎಂದು ಮಾತ್ರ, ಅದಕ್ಕೆ ಅದು ಉತ್ತರ ಕೊಟ್ಟಿತು.

ದನಗಳ ರೋಗ ಪತ್ತೆ ಮಾಡುವ ಲ್ಯಾಬ್ ಪರೀಕ್ಷೆಗಳೂ ಹೀಗೆಯೇ. ಒಂದೊಂದು ಪರೀಕ್ಷೆ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇದು ಗೊತ್ತಿಲ್ಲದೆ "ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂದಿದೆ" ಎಂಬ ಒಂದೇ ಮಾತು ನಂಬಿ ಆಕಳು ಕೊಂಡರೆ ಕೊಟ್ಟಿಗೆಯ ಉಳಿದ ದನಗಳಿಗೂ ತೊಂದರೆ ಬರಬಹುದು. ಈ ಸಂಚಿಕೆಯಲ್ಲಿ ಐಬಿಆರ್ ಎಂಬ ಉಸಿರಾಟದ ವೈರಸ್ ರೋಗವನ್ನು ಇಟ್ಟುಕೊಂಡು ಇದನ್ನು ನೋಡೋಣ.

ಕೊರೋನಾ ಕಾಲದಲ್ಲಿ ಕಲಿತದ್ದು

ಪರೀಕ್ಷೆಗಳ ನಡುವಿನ ವ್ಯತ್ಯಾಸ ನಮಗೆ ಹೊಸತಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ಪಕ್ಕದ ಭಟ್ಕಳದಲ್ಲಿ ಕೊರೋನಾ ಕಾಣಿಸಿಕೊಂಡಾಗಿನಿಂದ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುವುದನ್ನು ಹೊನ್ನಾವರ, ಕುಮಟಾ, ಹಳದೀಪುರದ ಮನೆ ಮನೆಯವರೂ ಕಂಡಿದ್ದಾರೆ. ಆಗ ಎರಡು ಹೆಸರು ಕೇಳುತ್ತಿದ್ದೆವು: ರ‍್ಯಾಪಿಡ್ ಮತ್ತು ಆರ್‌ಟಿ-ಪಿಸಿಆರ್. ರ‍್ಯಾಪಿಡ್ ಫಲಿತಾಂಶ ಅರ್ಧ ಗಂಟೆಯೊಳಗೆ ಸಿಗುತ್ತಿತ್ತು. ಆರ್‌ಟಿ-ಪಿಸಿಆರ್‌ಗೆ ಮಾದರಿ ಲ್ಯಾಬಿಗೆ ಹೋಗಬೇಕಿತ್ತು, ಕಾಯಬೇಕಿತ್ತು.

2020ರ ಜೂನ್ 14ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರ‍್ಯಾಪಿಡ್ ಆಂಟಿಜನ್ ಕಿಟ್ ಬಳಸಲು ಒಪ್ಪಿಗೆ ಕೊಟ್ಟಾಗ ಅದರ ಲೆಕ್ಕವನ್ನೂ ಹೇಳಿತ್ತು. ನಿಜವಾಗಿ ಸೋಂಕಿರುವ 100 ಜನರಲ್ಲಿ ಆ ಕಿಟ್ ಹಿಡಿಯುವುದು ಸುಮಾರು 50ರಿಂದ 84 ಜನರನ್ನು. ಉಳಿದವರಿಗೆ ಸೋಂಕಿದ್ದೂ ನೆಗೆಟಿವ್ ಬರುತ್ತದೆ. ಸೋಂಕಿಲ್ಲದವರಿಗೆ ಪಾಸಿಟಿವ್ ಎಂದು ತಪ್ಪಾಗಿ ತೋರಿಸುವುದು ಮಾತ್ರ ಬಹಳ ಅಪರೂಪ. ಅದಕ್ಕೇ ನಿಯಮ ಹೀಗಿತ್ತು: ರ‍್ಯಾಪಿಡ್ ಪಾಸಿಟಿವ್ ಬಂದರೆ ನಂಬಬಹುದು, ಜ್ವರ, ಕೆಮ್ಮು ಇದ್ದೂ ನೆಗೆಟಿವ್ ಬಂದರೆ ಮತ್ತೆ ಆರ್‌ಟಿ-ಪಿಸಿಆರ್ ಮಾಡಿಸಬೇಕು.

ಪಾಸಿಟಿವ್‌ಗೆ ಒಂದು ತೂಕ, ನೆಗೆಟಿವ್‌ಗೆ ಇನ್ನೊಂದು ತೂಕ. ಇದನ್ನು ನೆನಪಿಟ್ಟುಕೊಂಡು ಕೊಟ್ಟಿಗೆಗೆ ಬರೋಣ.

ಐಬಿಆರ್ ಎಂದರೇನು?

ಐಬಿಆರ್ ಎಂದರೆ ಇನ್‌ಫೆಕ್ಷಿಯಸ್ ಬೊವೈನ್ ರೈನೋಟ್ರಾಕಿಯೈಟಿಸ್. ದನಗಳ ಮೂಗು ಮತ್ತು ಶ್ವಾಸನಾಳಕ್ಕೆ ಬರುವ ಅಂಟುರೋಗ ಇದು. ಬೊವೈನ್ ಹರ್ಪಿಸ್ ವೈರಸ್-1 ಎಂಬ ವೈರಸ್ಸಿನಿಂದ ಬರುತ್ತದೆ. ಭಾರತದಲ್ಲಿ ಇದು ಮೊದಲು ವರದಿಯಾದದ್ದು 1976ರಲ್ಲಿ. ಆಮೇಲೆ ಕರ್ನಾಟಕವೂ ಸೇರಿ ಅನೇಕ ರಾಜ್ಯಗಳ ಆಕಳು, ಎಮ್ಮೆಗಳಲ್ಲಿ ಈ ಸೋಂಕಿನ ಗುರುತು ಸಿಕ್ಕಿದೆ.

ವೈರಸ್ ಹೊಕ್ಕ ಎರಡು ನಾಲ್ಕು ದಿನಗಳಲ್ಲಿ ಜ್ವರ ಬರುತ್ತದೆ. ಮೂಗಿನಲ್ಲಿ ಮೊದಲು ನೀರಿನಂತೆ, ಆಮೇಲೆ ಗಟ್ಟಿಯಾಗಿ ಸಿಂಬಳ ಸುರಿಯುತ್ತದೆ. ಮೂಗು ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಇಳಿಯುತ್ತದೆ, ಕೆಮ್ಮು ಬರುತ್ತದೆ, ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ. ಹೆಚ್ಚಿನ ದನಗಳು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. "ಥಂಡಿಯಾಗಿತ್ತು, ಹೋಯಿತು" ಎಂದು ನಾವು ಮರೆಯುತ್ತೇವೆ. ಆದರೆ ಆಕಳು ಗಬ್ಬವಾಗಿದ್ದರೆ ಕೆಲವು ವಾರ, ಕೆಲವೊಮ್ಮೆ ಎರಡು ಮೂರು ತಿಂಗಳ ಬಳಿಕ ಕಂದು ಹಾಕಬಹುದು. ಐದರಿಂದ ಎಂಟು ತಿಂಗಳ ಗಬ್ಬದಲ್ಲಿ ಹೀಗಾಗುವುದು ಹೆಚ್ಚು. ಆಗ ಒಂದು ಕರು ಹೋಯಿತು, ಒಂದು ಸೂಲಿನ ಹಾಲೂ ಹೋಯಿತು. ಸಂಘದ ಬಟವಾಡೆಯನ್ನೇ ನಂಬಿ ಮಕ್ಕಳ ಶಾಲೆ, ಸಾಲದ ಕಂತು ನಡೆಸುವ ಮನೆಗೆ ಇದು ಸಣ್ಣ ಪೆಟ್ಟಲ್ಲ.

ಈ ವೈರಸ್ಸಿಗೆ ಇನ್ನೊಂದು ಕೆಟ್ಟ ಗುಣವಿದೆ. ದನ ಗುಣವಾದ ಮೇಲೂ ಅದು ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಗಂಟಿನಲ್ಲಿ ಅಡಗಿ ಮಲಗಿರುತ್ತದೆ, ಒಲೆಯ ಬೂದಿಯಡಿಯ ಕೆಂಡದ ಹಾಗೆ. ದೂರದ ಪ್ರಯಾಣ, ಕರು ಹಾಕುವ ಶ್ರಮ, ಬೇರೆ ಕಾಯಿಲೆ, ಸ್ಟಿರಾಯ್ಡ್ ಇಂಜೆಕ್ಷನ್ ಇಂಥ ಯಾವುದರಿಂದಲಾದರೂ ದೇಹ ಬಳಲಿದಾಗ ಮತ್ತೆ ಎದ್ದು ಮೂಗಿನಿಂದ ಹೊರಗೆ ಬರುತ್ತದೆ. ಆಗ ಆ ದನ ನೋಡಲು ಆರೋಗ್ಯವಾಗಿಯೇ ಇದ್ದು ಪಕ್ಕದ ದನಕ್ಕೆ ರೋಗ ಹಂಚಬಹುದು.

ನಮ್ಮ ಕರಾವಳಿಯವರು ಇದನ್ನು ಗಮನಿಸಬೇಕು. ಒಳ್ಳೆಯ ಮಿಶ್ರತಳಿ ಆಕಳನ್ನು ಅನೇಕರು ಘಟ್ಟದ ಮೇಲಿಂದ ತರುತ್ತಾರೆ. ದೇವಿಮನೆ ಘಟ್ಟವನ್ನೋ ಗೇರುಸೊಪ್ಪೆ ಘಟ್ಟವನ್ನೋ ಗಾಡಿಯಲ್ಲಿ ನಿಂತುಕೊಂಡೇ ಇಳಿದ ಆಕಳು ಹೊಸ ಕೊಟ್ಟಿಗೆ, ಹೊಸ ಮೇವು, ಸೆಕೆ ಎಲ್ಲವನ್ನೂ ಒಮ್ಮೆಲೇ ಎದುರಿಸುತ್ತದೆ. ಅಡಗಿದ್ದ ವೈರಸ್ ಏಳುವುದಕ್ಕೆ ಇದೇ ಸಮಯ.

ನೆಮ್ಮದಿಯ ಮಾತೆಂದರೆ ಐಬಿಆರ್ ಮನುಷ್ಯರಿಗೆ ಬರುವುದಿಲ್ಲ.

ಪರೀಕ್ಷೆಗಳು ಯಾವುವು?

ಐಬಿಆರ್ ಪರೀಕ್ಷೆಗಳಲ್ಲಿ ಎರಡು ಗುಂಪು. ಒಂದು ಗುಂಪು ವೈರಸ್ಸನ್ನೇ ಹುಡುಕುತ್ತದೆ. ಇನ್ನೊಂದು ಗುಂಪು ವೈರಸ್ ಬಂದುಹೋದ ಗುರುತನ್ನು ಹುಡುಕುತ್ತದೆ. ಕಳ್ಳ ಈಗ ಮನೆಯೊಳಗಿದ್ದಾನೆಯೇ ಎಂದು ನೋಡುವುದು ಬೇರೆ, ಅಂಗಳದಲ್ಲಿ ಅವನ ಹೆಜ್ಜೆ ಗುರುತಿದೆಯೇ ಎಂದು ನೋಡುವುದು ಬೇರೆ.

1. ಪಿಸಿಆರ್. ಮೂಗಿನ ಆಳದಿಂದ ಕಡ್ಡಿಯಲ್ಲಿ ತೆಗೆದ ಸಿಂಬಳ, ಕಂದು ಹಾಕಿದ ಕರುವಿನ ಅಂಗಾಂಶ, ಹೋರಿಯ ವೀರ್ಯ ಇವುಗಳಲ್ಲಿ ವೈರಸ್ಸಿನ ವಂಶವಾಹಿ ತುಣುಕು ಇದೆಯೇ ಎಂದು ನೋಡುವ ಪರೀಕ್ಷೆ. ಯಂತ್ರ ಆ ತುಣುಕನ್ನು ಒಂದು ಸುತ್ತಿಗೆ ಎರಡು, ಮತ್ತೊಂದು ಸುತ್ತಿಗೆ ನಾಲ್ಕು ಎಂದು ದ್ವಿಗುಣ ಮಾಡುತ್ತ ಹೋಗುತ್ತದೆ. ಹತ್ತು ಸುತ್ತಿಗೆ ಒಂದು ತುಣುಕು 1,024 ಆಗುತ್ತದೆ, ಮೂವತ್ತು ಸುತ್ತಿಗೆ 100 ಕೋಟಿ ದಾಟುತ್ತದೆ. ಹಾಗಾಗಿ ಬಹಳ ಕಡಿಮೆ ವೈರಸ್ ಇದ್ದರೂ ಸಿಕ್ಕಿಬೀಳುತ್ತದೆ. ಯಂತ್ರದ ಕೆಲಸ ಕೆಲವೇ ಗಂಟೆಗಳದ್ದು. ಸತ್ತ ವೈರಸ್ಸಿನ ತುಣುಕನ್ನೂ ಇದು ಹಿಡಿಯುತ್ತದೆ. ಕೊರೋನಾದ್ದು ಆರ್‌ಟಿ-ಪಿಸಿಆರ್, ಇದು ಬರೀ ಪಿಸಿಆರ್ ಏಕೆ ಎಂದು ಕೇಳಬಹುದು. ಕೊರೋನಾ ವೈರಸ್ಸಿನದು ಆರ್‌ಎನ್‌ಎ, ಅದನ್ನು ಮೊದಲು ಡಿಎನ್‌ಎ ಆಗಿ ಬದಲಿಸಿಕೊಳ್ಳಬೇಕು. ಐಬಿಆರ್ ವೈರಸ್ಸಿನದು ಡಿಎನ್‌ಎಯೇ, ಆದ್ದರಿಂದ ಆ ಒಂದು ಹೆಜ್ಜೆ ಬೇಕಿಲ್ಲ.

2. ವೈರಸ್ ಬೆಳೆಸುವ ಪರೀಕ್ಷೆ. ಕರುವಿನ ಮೂತ್ರಪಿಂಡದಂಥ ಅಂಗದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಅದರ ಮೇಲೆ ಮೂಗಿನ ಮಾದರಿ ಹಾಕುತ್ತಾರೆ. ಜೀವಂತ ವೈರಸ್ ಇದ್ದರೆ ಕೆಲವು ದಿನಗಳಲ್ಲಿ ಆ ಜೀವಕೋಶಗಳು ಹಾಳಾಗುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಬೆಳೆದರೆ ಅನುಮಾನಕ್ಕೆ ಜಾಗವಿಲ್ಲ. ಆದರೆ ದಾರಿಯಲ್ಲಿ ಮಾದರಿ ಬಿಸಿಯಾಗಿ ವೈರಸ್ ಸತ್ತರೆ ಏನೂ ಬೆಳೆಯುವುದಿಲ್ಲ. ಸಮಯವೂ ಖರ್ಚೂ ಹೆಚ್ಚು.

3. ಎಲಿಸಾ. ಇದು ರಕ್ತದ ಪರೀಕ್ಷೆ. ವೈರಸ್ ಬಂದಾಗ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. 96 ಪುಟ್ಟ ಕುಳಿಗಳಿರುವ ತಟ್ಟೆಯಲ್ಲಿ ರಕ್ತದ ತಿಳಿಯನ್ನು ಹಾಕಿ, ಬಣ್ಣ ಬದಲಾಗುವುದನ್ನು ಯಂತ್ರದಿಂದ ಅಳೆದು ಪ್ರತಿಕಾಯ ಇದೆಯೇ ಇಲ್ಲವೇ ಎಂದು ಹೇಳುತ್ತಾರೆ. ಒಂದೇ ಸಲಕ್ಕೆ ಬಹಳ ದನಗಳ ಮಾದರಿ ನೋಡಬಹುದು, ಖರ್ಚು ಕಡಿಮೆ. ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಐಬಿಆರ್‌ಗೆಂದೇ ಎಲಿಸಾ ಕಿಟ್ ತಯಾರಿಸಿದೆ. ಹೊರದೇಶಗಳಲ್ಲಿ ಹಾಲಿನಲ್ಲೂ ಎಲಿಸಾ ಮಾಡುತ್ತಾರೆ. ಇಡೀ ಫಾರ್ಮಿನ ಹಾಲು ಸೇರಿದ ಟ್ಯಾಂಕಿನಿಂದ ಒಂದು ಮಾದರಿ ತೆಗೆದರೆ ಆ ಮಂದೆಗೆ ಸೋಂಕು ಬಂದಿದೆಯೇ ಎಂದು ಅಂದಾಜಾಗುತ್ತದೆ. ಒಂದೆರಡು ದನಕ್ಕೆ ಮಾತ್ರ ಸೋಂಕಿದ್ದರೆ ಕೂಡಿದ ಹಾಲಿನಲ್ಲಿ ಅದು ತಿಳಿಯದೆಯೂ ಹೋಗಬಹುದು.

4. ಸೀರಂ ನ್ಯೂಟ್ರಲೈಸೇಶನ್. ಇದೂ ಪ್ರತಿಕಾಯವನ್ನೇ ನೋಡುತ್ತದೆ. ರಕ್ತದ ತಿಳಿಯನ್ನು ಜೀವಂತ ವೈರಸ್ ಜೊತೆ ಬೆರೆಸಿ ಜೀವಕೋಶಗಳ ಮೇಲೆ ಹಾಕುತ್ತಾರೆ. ಪ್ರತಿಕಾಯ ಇದ್ದರೆ ವೈರಸ್ಸಿನ ಆಟ ನಡೆಯುವುದಿಲ್ಲ. ಪ್ರತಿಕಾಯ ಎಷ್ಟಿದೆ ಎಂದೂ ಲೆಕ್ಕ ಸಿಗುತ್ತದೆ. ಇದಕ್ಕೆ ಕೆಲವು ದಿನ ಬೇಕು, ಜೀವಕೋಶ ಬೆಳೆಸುವ ವ್ಯವಸ್ಥೆಯಿರುವ ಲ್ಯಾಬೇ ಆಗಬೇಕು.

ದಿನ ತಪ್ಪಿದರೆ ಫಲಿತಾಂಶವೂ ತಪ್ಪುತ್ತದೆ

ಈಗ ಮುಖ್ಯ ಮಾತಿಗೆ ಬರೋಣ. ಸೋಂಕು ತಗುಲಿದ ದಿನದಿಂದ ಲೆಕ್ಕ ಹಾಕಿ.

ಮೊದಲ ವಾರ ಮೂಗಿನಲ್ಲಿ ವೈರಸ್ ತುಂಬಿರುತ್ತದೆ, ನಾಲ್ಕರಿಂದ ಆರನೇ ದಿನದ ಹೊತ್ತಿಗೆ ಅತಿ ಹೆಚ್ಚು. ರಕ್ತದಲ್ಲಿ ಪ್ರತಿಕಾಯ ಇನ್ನೂ ಬಂದಿರುವುದಿಲ್ಲ. ಆಗ ಪಿಸಿಆರ್ ಪಾಸಿಟಿವ್, ಎಲಿಸಾ ನೆಗೆಟಿವ್.

ಒಂದರಿಂದ ಎರಡು ವಾರದ ನಡುವೆ ಮೂಗಿನಲ್ಲಿ ವೈರಸ್ ಕಡಿಮೆಯಾಗುತ್ತ ಬರುತ್ತದೆ, ಪ್ರತಿಕಾಯ ಕಾಣಿಸಿಕೊಳ್ಳುತ್ತದೆ. ಆಗ ಎರಡೂ ಪಾಸಿಟಿವ್ ಬರಬಹುದು.

ಮೂರು ವಾರ ಕಳೆದ ಮೇಲೆ ಮೂಗಿನಲ್ಲಿ ವೈರಸ್ ಸಿಗುವುದಿಲ್ಲ, ಅದು ನರದ ಗಂಟಿನಲ್ಲಿ ಅಡಗಿದೆ. ಪ್ರತಿಕಾಯ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಆಗ ಪಿಸಿಆರ್ ನೆಗೆಟಿವ್, ಎಲಿಸಾ ಪಾಸಿಟಿವ್.

ಅದೇ ಆಕಳು, ಅದೇ ಸೋಂಕು, ಮೂರು ಸಲಕ್ಕೆ ಮೂರು ಬಗೆಯ ಚೀಟಿ. ಯಾವುದೂ ಸುಳ್ಳಲ್ಲ. ಪಿಸಿಆರ್ ನೆಗೆಟಿವ್ ಎಂದರೆ "ಇವತ್ತು ಈ ಮೂಗಿನಲ್ಲಿ ವೈರಸ್ ಸಿಗಲಿಲ್ಲ" ಎಂದಷ್ಟೇ ಅರ್ಥ. "ಈ ಆಕಳಿಗೆ ಐಬಿಆರ್ ಇಲ್ಲ" ಎಂದಲ್ಲ. ಎಲಿಸಾ ಪಾಸಿಟಿವ್ ಎಂದರೆ "ವೈರಸ್ ಎಂದೋ ಬಂದಿತ್ತು, ಬಹುಶಃ ಒಳಗೆ ಅಡಗಿದೆ" ಎಂದರ್ಥ. "ಇವತ್ತಿನ ಕೆಮ್ಮಿಗೆ ಇದೇ ಕಾರಣ" ಎಂದಲ್ಲ.

ಎಲಿಸಾ ಪಾಸಿಟಿವ್ ಬಂದಾಗ ಇನ್ನೆರಡು ಸಂಗತಿ ಕೇಳಿಕೊಳ್ಳಬೇಕು. ಮೊದಲನೆಯದು, ಅದು ಎಳೆಗರುವೇ? ತಾಯಿಯ ಗಿಣ್ಣು ಹಾಲಿನಿಂದ ಬಂದ ಪ್ರತಿಕಾಯ ಕರುವಿನಲ್ಲಿ ಕೆಲವು ತಿಂಗಳು ಉಳಿಯುತ್ತದೆ, ಕರುವಿಗೆ ಸೋಂಕಿಲ್ಲದೆಯೂ ಪಾಸಿಟಿವ್ ಬರುತ್ತದೆ. ಎರಡನೆಯದು, ಐಬಿಆರ್ ಲಸಿಕೆ ಹಾಕಿಸಿದ ದನವೇ? ಲಸಿಕೆಯಿಂದಲೂ ಪ್ರತಿಕಾಯ ಬರುತ್ತದೆ. ಇದಕ್ಕಾಗಿ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ವೈರಸ್ಸಿನ ಹೊರಮೈಯಲ್ಲಿರುವ ಜಿಇ ಎಂಬ ಒಂದು ಪ್ರೋಟೀನನ್ನು ಬಿಟ್ಟು ಲಸಿಕೆ ತಯಾರಿಸುತ್ತಾರೆ. ಅಂಥ ಲಸಿಕೆ ಹಾಕಿದ ದನದಲ್ಲಿ ಜಿಇ ಪ್ರತಿಕಾಯ ಬರುವುದಿಲ್ಲ, ನಿಜವಾದ ಸೋಂಕು ತಗುಲಿದ್ದರೆ ಬರುತ್ತದೆ. ಜಿಇ ಎಲಿಸಾ ಎಂಬ ಪರೀಕ್ಷೆ ಇದನ್ನು ಬೇರ್ಪಡಿಸಿ ಹೇಳುತ್ತದೆ. ಅದಕ್ಕೇ ಯಾವ ಲಸಿಕೆ, ಯಾವಾಗ ಹಾಕಿದ್ದು ಎಂಬುದು 12 ಅಂಕಿಯ ಕಿವಿಯೋಲೆಯ ದಾಖಲೆಯಲ್ಲಿ ಸರಿಯಾಗಿ ಸೇರಿರಬೇಕು.

ಮೂರು ಸಂದರ್ಭ, ಮೂರು ದಾರಿ

ಒಂದು: ಆಕಳಿಗೆ ನಿನ್ನೆಯಿಂದ ಜ್ವರ, ಸಿಂಬಳ, ಹಾಲು ಇಳಿದಿದೆ. ಇಲ್ಲಿ ಬೇಕಾದದ್ದು ಮೂಗಿನ ಕಡ್ಡಿ ಮತ್ತು ಪಿಸಿಆರ್. ಆದಷ್ಟು ಬೇಗ, ಸಿಂಬಳ ನೀರಾಗಿರುವಾಗಲೇ ತೆಗೆಸಿ. ಹತ್ತು ದಿನ ಮನೆಮದ್ದು ಮಾಡಿ ಆಮೇಲೆ ಕರೆದರೆ ಕಡ್ಡಿಯಲ್ಲಿ ವೈರಸ್ ಸಿಗದೆ ಹೋಗಬಹುದು. ಅಕ್ಕಪಕ್ಕದ ಮನೆಯ ದನಗಳಿಗೂ ಹಾಗೇ ಆಗಿದ್ದರೆ ಅವುಗಳ ಮಾದರಿಯನ್ನೂ ತೆಗೆಯಲು ವೈದ್ಯರಿಗೆ ಹೇಳಿ. ಅದೇ ದಿನ ಒಂದು ಸಲ, ಸುಮಾರು ಮೂರು ವಾರ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಸಿದರೆ ಇನ್ನೂ ಒಳ್ಳೆಯದು. ಮೊದಲ ರಕ್ತದಲ್ಲಿ ಇಲ್ಲದ ಪ್ರತಿಕಾಯ ಎರಡನೆಯದರಲ್ಲಿ ಬಂದಿದ್ದರೆ, ಅಥವಾ ನಾಲ್ಕು ಪಟ್ಟು ಏರಿದ್ದರೆ, ಸೋಂಕು ಹೊಸದೆಂದು ಖಚಿತ. ಒಂದೇ ಸಲದ ರಕ್ತ ಅದನ್ನು ಹೇಳಲಾರದು.

ಎರಡು: ಏಳು ತಿಂಗಳ ಗಬ್ಬದ ಆಕಳು ಕಂದು ಹಾಕಿತು. ಸೋಂಕು ತಗುಲಿ ವಾರಗಳೇ ಕಳೆದಿರುವುದರಿಂದ ಆಕಳ ಮೂಗಿನಲ್ಲಿ ವೈರಸ್ ಇಲ್ಲದಿರಬಹುದು. ರಕ್ತದ ಪ್ರತಿಕಾಯವೂ ಆಗಲೇ ಏರಿ ನಿಂತಿರುತ್ತದೆ, ಎರಡನೇ ರಕ್ತದಲ್ಲಿ ಮತ್ತೆ ಏರಿಕೆ ಕಾಣದಿರಬಹುದು. ಉತ್ತರ ಸಿಗುವುದು ಕಂದು ಬಿದ್ದ ಕರು ಮತ್ತು ಕಸದಲ್ಲಿ (ಮಾಸಿನಲ್ಲಿ). ಅದನ್ನು ಕೂಡಲೇ ತೋಟದ ಮೂಲೆಯಲ್ಲಿ ಹೂಳಬೇಡಿ, ನಾಯಿಗೂ ಸಿಗದಂತೆ ಮುಚ್ಚಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ಆದರೆ ಬರಿಗೈಯಲ್ಲಿ ಮುಟ್ಟಬೇಡಿ. ಕಂದು ಹಾಕುವುದಕ್ಕೆ ಬ್ರುಸೆಲ್ಲಾ ಎಂಬ ಇನ್ನೊಂದು ರೋಗವೂ ಕಾರಣವಾಗುತ್ತದೆ, ಅದು ಮನುಷ್ಯರಿಗೆ ಅಂಟುತ್ತದೆ. ಕೊಟ್ಟಿಗೆಯಲ್ಲಿ ಕಸ ತೆಗೆಯುವವರು, ತೊಳೆಯುವವರು ಹೆಚ್ಚಾಗಿ ನಾವೇ, ಹೆಂಗಸರೇ. ಗ್ಲೌಸ್ ಇಲ್ಲದಿದ್ದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಟಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಗರ್ಭಿಣಿಯರು ಹತ್ತಿರ ಹೋಗುವುದೇ ಬೇಡ. ವೈದ್ಯರಿಗೆ "ಎರಡೂ ರೋಗಕ್ಕೆ ಪರೀಕ್ಷೆ ಮಾಡಿಸಿ" ಎಂದು ಹೇಳಿ. ಬ್ರುಸೆಲ್ಲಾ ಪತ್ತೆಯ ರೋಸ್ ಬೆಂಗಾಲ್ ಪರೀಕ್ಷೆ ರಕ್ತದ ತಿಳಿಯಲ್ಲಿ ಕೆಲವೇ ನಿಮಿಷಗಳಲ್ಲಿ ಆಗುತ್ತದೆ.

ಮೂರು: ಗಟ್ಟಿಮುಟ್ಟಾದ ಆಕಳನ್ನು ಕೊಳ್ಳಲು ಹೊರಟಿದ್ದೀರಿ. ಇಲ್ಲಿ ಕೇಳಬೇಕಾದದ್ದು ರಕ್ತದ ಎಲಿಸಾ, ಪಿಸಿಆರ್ ಅಲ್ಲ. ಆರೋಗ್ಯವಾಗಿರುವ ಆಕಳ ಮೂಗಿನಲ್ಲಿ ವೈರಸ್ ಸಿಗುವುದೇ ಅಪರೂಪ, ನಮಗೆ ತಿಳಿಯಬೇಕಾದದ್ದು ಒಳಗೆ ಅಡಗಿದೆಯೇ ಎಂದು. ಎಲಿಸಾ ನೆಗೆಟಿವ್ ಬಂದರೂ ನೇರ ಕೊಟ್ಟಿಗೆಗೆ ಕಟ್ಟಬೇಡಿ. ನಿನ್ನೆ ಮೊನ್ನೆ ತಗುಲಿದ ಸೋಂಕು ಅದರಲ್ಲಿ ಕಾಣುವುದಿಲ್ಲ. ಮೂರು ನಾಲ್ಕು ವಾರ ಬೇರೆ ಕಟ್ಟಿ, ಮತ್ತೊಮ್ಮೆ ರಕ್ತ ನೋಡಿಸಿ. ಜಾಗವಿಲ್ಲ ಎನ್ನುವವರು ತೋಟದ ಬದಿಗೋ ಮನೆಯ ಹಿಂದೋ ತಾತ್ಕಾಲಿಕ ಚಪ್ಪರ ಹಾಕಬಹುದು. ಅದರ ಬಕೆಟ್, ಹಗ್ಗ ಬೇರೆ ಇರಲಿ. ಮನೆಯ ಆಕಳುಗಳನ್ನು ಮೊದಲು ಕರೆದು, ಹೊಸದನ್ನು ಕೊನೆಗೆ ಕರೆಯಿರಿ.

ಪಾಸಿಟಿವ್ ಬಂದರೆ ಆಕಳನ್ನು ಮಾರಬೇಕೇ?

ಇದು ಎಲ್ಲರಿಗೂ ಬರುವ ಪ್ರಶ್ನೆ. ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದಂಥ ದೇಶಗಳು ಎಲ್ಲ ದನಗಳನ್ನೂ ಪರೀಕ್ಷಿಸಿ, ಪಾಸಿಟಿವ್ ಬಂದವನ್ನು ತೆಗೆದುಹಾಕಿ ಐಬಿಆರ್ ಮುಕ್ತವಾದವು. ನಮ್ಮಲ್ಲಿ ಅದು ಆಗುವ ಮಾತಲ್ಲ, ಬೇಕಾಗಿಯೂ ಇಲ್ಲ. ಎಲಿಸಾ ಪಾಸಿಟಿವ್ ಆದ ಅನೇಕ ಆಕಳುಗಳು ವರ್ಷಗಟ್ಟಲೆ ಚೆನ್ನಾಗಿ ಹಾಲು ಕೊಡುತ್ತವೆ, ಕರು ಹಾಕುತ್ತವೆ. ಆಕಳನ್ನು ಸಾಕಿ, ಆದರೆ ಗೊತ್ತಿದ್ದು ಸಾಕಿ.

ಗೊತ್ತಿದ್ದು ಸಾಕುವುದೆಂದರೆ ಹೀಗೆ. ಕರು ಹಾಕುವ ಮುಂಚೆ ಹಿಂಚೆ ಬೇರೆ ಗಬ್ಬದ ಆಕಳುಗಳಿಂದ ಸ್ವಲ್ಪ ದೂರ ಕಟ್ಟಿ. ಬೇರೆ ಕಾಯಿಲೆಗೆ ಚಿಕಿತ್ಸೆ ಮಾಡಿಸುವಾಗ "ಇದು ಐಬಿಆರ್ ಪಾಸಿಟಿವ್" ಎಂದು ವೈದ್ಯರಿಗೆ ಮೊದಲೇ ತಿಳಿಸಿ, ಸ್ಟಿರಾಯ್ಡ್ ಕೊಡಬೇಕೋ ಬೇಡವೋ ಅವರು ಯೋಚಿಸುತ್ತಾರೆ. ಊರ ಹೋರಿಗೆ ಬಿಡಬೇಡಿ. ಈ ವೈರಸ್ ವೀರ್ಯದಲ್ಲೂ ಹೋಗುತ್ತದೆ. ವೀರ್ಯ ಕೇಂದ್ರಗಳ ಹೋರಿಗಳಿಗೆ ಐಬಿಆರ್, ಬ್ರುಸೆಲ್ಲಾ, ಕ್ಷಯ ಮುಂತಾದ ರೋಗಗಳ ಪರೀಕ್ಷೆ ಕಡ್ಡಾಯ, ಊರ ಹೋರಿಗೆ ಯಾರು ಪರೀಕ್ಷೆ ಮಾಡಿಸಿದ್ದಾರೆ? ಬೆದೆಗೆ ಬಂದಾಗ ಕೃತಕ ಗರ್ಭಧಾರಣೆಯನ್ನೇ ಮಾಡಿಸಿ.

ಚಿಕಿತ್ಸೆಯ ಬಗ್ಗೆ ಒಂದು ಮಾತು. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ ಅದು ವೈರಸ್ಸಿನ ಬೆನ್ನಿಗೆ ಬರುವ ಬ್ಯಾಕ್ಟೀರಿಯಾಕ್ಕೆ. ಅವರು ಹೇಳಿದಷ್ಟು ದಿನ ಆ ಆಕಳ ಹಾಲನ್ನು ಸಂಘಕ್ಕೆ ಹಾಕಬೇಡಿ.

ಇನ್ನೊಂದು ವಿನಂತಿ. ಪಾಸಿಟಿವ್ ಚೀಟಿಯನ್ನು ಮುಚ್ಚಿಟ್ಟು ಆಕಳನ್ನು ಪಕ್ಕದ ಊರಿಗೆ ಸಾಗಹಾಕಿದರೆ ಅದು ಹೋಗುವುದು ನಮ್ಮಂಥದೇ ಇನ್ನೊಬ್ಬ ಹೆಣ್ಣುಮಗಳ ಕೊಟ್ಟಿಗೆಗೆ. ಮಾರಲೇಬೇಕಾದರೆ ಚೀಟಿ ತೋರಿಸಿ ಮಾರಿ.

ಮಾದರಿ ಕಳಿಸುವಾಗ

ಮಾದರಿಯನ್ನು ಪಶುವೈದ್ಯರೇ ತೆಗೆಯಬೇಕು. ಅವರ ಮೂಲಕ ಅದು ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಂಥ ಲ್ಯಾಬಿಗೆ ಹೋಗುತ್ತದೆ. ನಿಮ್ಮ ಕೈಯಲ್ಲಿರುವುದು ಇಷ್ಟು: ಕಾಯಿಲೆ ಶುರುವಾದ ದಿನ, ಗಬ್ಬದ ತಿಂಗಳು, ಹಾಕಿಸಿದ ಲಸಿಕೆ, ದನ ತಂದ ಊರು ಮತ್ತು ದಿನ ಇವನ್ನು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಾದರೂ ಬರೆದಿಡಿ. ದಿನ ಗೊತ್ತಿಲ್ಲದಿದ್ದರೆ ಎಂಥ ಒಳ್ಳೆಯ ಲ್ಯಾಬಿನ ಫಲಿತಾಂಶವನ್ನೂ ಸರಿಯಾಗಿ ಓದಲಾಗುವುದಿಲ್ಲ. ಮೂಗಿನ ಕಡ್ಡಿ ಐಸ್ ಪೆಟ್ಟಿಗೆಯಲ್ಲಿ ತಂಪಾಗಿ ಹೋಗಬೇಕು. ನಮ್ಮ ಸೆಕೆಗೆ ಬಸ್ಸಿನ ಡಿಕ್ಕಿಯಲ್ಲಿ ಹಾಗೇ ಇಟ್ಟರೆ ಪ್ರಯೋಜನವಿಲ್ಲ. ವೈದ್ಯರು ಹತ್ತಿರದಲ್ಲಿ ಸಿಗದಿದ್ದರೆ ಪಶು ಸಂಜೀವಿನಿಯ 1962ಕ್ಕೆ ಕರೆ ಮಾಡಬಹುದು.

ಫಲಿತಾಂಶ ಬಂದಾಗ ಪಾಸಿಟಿವ್, ನೆಗೆಟಿವ್ ಎಂಬ ಪದವನ್ನಷ್ಟೇ ನೋಡಬೇಡಿ. ಮೂರು ಪ್ರಶ್ನೆ ಕೇಳಿ: ಯಾವ ಪರೀಕ್ಷೆ? ಯಾವ ಮಾದರಿ? ಕಾಯಿಲೆಯ ಎಷ್ಟನೇ ದಿನ ತೆಗೆದದ್ದು? ಸಂಘದಲ್ಲಿ ನಿಮ್ಮ ಹಾಲಿನ ಚೀಟಿಯಲ್ಲಿ ಫ್ಯಾಟ್, ಡಿಗ್ರಿ ಎರಡನ್ನೂ ನೋಡದೆ ನೀವು ಮನೆಗೆ ಹೋಗುವುದಿಲ್ಲ. ಆಕಳ ಚೀಟಿಯನ್ನೂ ಅಷ್ಟೇ ಎಚ್ಚರದಿಂದ ಓದಿ.